ತಗಡಿನ ಮ್ಯಾಲ ಒಣಗಿದ ಹವೀಜ

ಗಂಡಸಂದ್ರ ಯಾರು ಅಂತ ನಿಮಗ ತೋರಸ್ಬೇಕೇನ್ರಿ? ಹಂಗಾರ ಕುಂದರ್ರಿ, ಕೇಳ್ರಿ. ಮುನವಳ್ಳಿಯ ಶ್ರೀಶೈಲ, ಸಸಿ-ಬೀಜದ ನಿಜಗುಣಪ್ಪನ ಮಗ, ಯರಗಟ್ಟಿ ಸಂತ್ಯಾಗ ಮೂರುಗಾಲಿ ಟಂಟಂ ಗಾಡಿ ಮ್ಯಾಲೇರಿ ಮೈಕ್ ಹಿಡದ ನೋಡ್ರಿ, ಇಡೀ ಸಂತಿ ಗಪ್ಪಾತು. ಬೆಳಗಾವಿ ಬಸ್ಸಿನ ಡ್ರೈವರ್ ಇಂಜಿನ್ ಬಂದ್ ಮಾಡಿ ತಲಿ ಹೊರಗ ಹಾಕಿದ. ತಕ್ಕಡಿ ಹಿಡದ ಕೈ ಅಲ್ಲೇ ನಿಂತುವು. ಅಂಥಾ ಎಂಟ್ರಿ ಯಾವ ಟಾಕೀಜಿನ ಪರದೆ ಮ್ಯಾಲೂ ಬಂದಿಲ್ಲ.

ಶ್ರೀಶೈಲನ ಬಾಯಿ ಮೊದಲಿಂದ್ಲೂ ಹಂಗ. ಬೈಲಹೊಂಗಲದ ಟಾಕೀಜಿನ್ಯಾಗ ಕುಂತು ಕುಂತು, ಚಾ ಕೇಳಿದ್ರೂ ಡೈಲಾಗಿನ್ಯಾಗ ಕೇಳಾಂವ.

"ಅವ್ವಾ! ಈ ಎದಿಯೊಳಗ ಬೆಂಕಿ ಹತ್ತೇತಿ. ಒಂದು ಕಪ್ ಚಾ ಹಾಕಿ ಆರಿಸು!"

"ಬೆಂಕಿ ಹತ್ತೇತೆಲ್ಲ, ಅದರ ಮ್ಯಾಲ ನೀನ ಕಾಸಕೋ ಹೋಗು," ಅಂತಿದ್ಲು ಚನ್ನವ್ವ.

ಆದ್ರ ಆ ಮನಿ ಡೈಲಾಗಿನ ಮ್ಯಾಲ ನಿಂತಿದ್ದಲ್ಲ. ತೊಂಬತ್ತೊಂದರಾಗ ನಿಜಗುಣಪ್ಪ ಸೈಕಲ್ಲಿಗೆ ಒಡದ ಎಣ್ಣಿ ಡಬ್ಬಿ ಕಟ್ಟಿ, ಅದರಾಗ ತುಳಸಿ, ದೊಡ್ಡಪತ್ರಿ, ಲೋಳಸರದ ಸಸಿ ಹೇರಿಕೊಂಡು ಉಗರಗೋಳದ ತನಕಾ ತುಳಿತಿದ್ದ. ಅಲ್ಲಿ ದೇವಿ ಗುಡ್ಡಕ್ಕ ಬಂದ ಮಂದಿ ಹೊಳ್ಳಿ ಹೋಗೂಮುಂದ ಒಂದು ತುಳಸಿ ಒಯ್ಯತಿದ್ರು. ಮುಂದ ನೀರು ಹಿಡದ ಒಂದು ಪಟ್ಟಿ ಹೊಲ ಆತು. ಅದರಾಗ ಸಬ್ಬಸಗಿ, ಅಜವಾನ, ಹವೀಜ ಅಂದ್ರ ಕೊತಂಬರಿ ಬೆಳದು ಬಿತ್ತೂ ಬೀಜ ಮಾರಾಕ ಹತ್ತಿದ್ರು. ಸವದತ್ತಿ, ರಾಮದುರ್ಗದಿಂದ್ಲೂ ಮಂದಿ ಬರತಿದ್ರು.

ಯಾಕ ಬರತಿದ್ರಂದ್ರ, ಚನ್ನವ್ವನ ಟೊಂಕದ ಸಲುವಾಗಿ. ನಗಬ್ಯಾಡ್ರಿ. ಪ್ರತಿ ವರ್ಷ ರಾಶಿ ಆದ ಮ್ಯಾಲ ಆಕಿ ಒಂದು ಹಿಡಿ ಬೀಜ ಹಸಿ ಅರಿವ್ಯಾಗ ಕಟ್ಟಿ ಟೊಂಕಕ್ಕ ಸಿಗಿಸಿಕೊಳ್ಳಾಕಿ. ರೊಟ್ಟಿ ಬಡಿಲಿ, ಕಳೆ ತಗೀಲಿ, ಗಂಟು ಟೊಂಕದಾಗ. ಮೈ ಕಾವಿಗೆ ಮೊಳಕಿ ಒಡದ್ರ ಮಾತ್ರ ಚೀಲದ ಬಾಯಿ ಬಿಚ್ಚಾಕಿ.

"ಏನವಾ ಚನ್ನವ್ವ, ಈಗ ಎಷ್ಟು ತಿಂಗಳಾ?" ಅಂತ ಓಣ್ಯಾಗಿನ ಬಾಯವ್ವ ಕಾಡಸಾಕಿ.

"ಇವತ್ತೋ ನಾಳ್ಯೋ ಹಡಿತೇನಿ, ನೀ ಬಾಣಂತನಕ್ಕ ಬಾ!"

ಎರಡು ಸಾವಿರದ ಐದರಾಗ ಶ್ರೀಶೈಲ ಕಾರಬಾರ ಕೈಗೆ ತಗೊಂಡ. ಹವೀಜ ಲಗೂನ ಒಣಗ್ಲಿ ಅಂತ ಹೊಸಾ ತಗಡಿನ ಶೆಡ್ಡಿನ ಮ್ಯಾಲ ಹರವಿದ. ಬ್ಯಾಸಗಿ ಬಿಸಲು, ಕೆಳಗ ಕಾದ ತಗಡು. ಅಪ್ಪ ನೆಳ್ಳಿನ್ಯಾಗ ದಿನಗಟ್ಟಲೆ ಒಣಗಸ್ತಿದ್ದದ್ದು ಇಂವಗ ಎರಡು ಮಧ್ಯಾಹ್ನದಾಗ ಖಡಕ್ ಆತು. ಬೆಳಗಾವಿಗೆ ಒಯ್ದು, ಮಿಂಚೂ ಪಾಕೀಟಿನ್ಯಾಗ ಹಾಕಿಸಿ, ತನ್ನ ಫೋಟೋನೂ ಅಚ್ಚು ಹೊಡಿಸಿದ.

"ಒಂದು ಹಿಡಿ ಕೊಡೋ, ನೋಡತೇನಿ," ಅಂದ್ಲು ಅವ್ವ.

"ಅವ್ವಾ, ಇದು ಕಂಪನಿ ಕಾಲ. ಟೊಂಕದ ಕಾಲ ಮುಗೀತು!"

ಮಿರಗದ ಮಳಿ ಬೀಳೂಮುಂದ ಯರಗಟ್ಟಿ ಸಂತ್ಯಾಗ ಮೈಕ್ ಹಚ್ಚಿ ಒದರಿದ: "ಈ ಬೀಜ ಹುಟ್ಟಲಿಲ್ಲಂದ್ರ ಈ ಮೀಸಿ ಇರೂದಿಲ್ಲ!" ಪಾಕೀಟು ಜೋರ ಮಾರಾಟಾದುವು.

ಇಪ್ಪತ್ತು ದಿನಕ್ಕ ಪರಪ್ಪ ಬಂದ. ಯರಗಟ್ಟಿ ಕಡಿ ರೈತ, ಹತ್ತು ವರ್ಷದ ಗಿರಾಕಿ. ಬೈಲಿಲ್ಲ, ಒದರಲಿಲ್ಲ. ತನ್ನ ಜೋಡಿ ಹಜಾಮ ಬಸಲಿಂಗಪ್ಪನ್ನ ಕರಕೊಂಡು ಬಂದಿದ್ದ, ಪೆಟಗಿ ಸಹಿತ.

"ನಮಸ್ಕಾರ್ರಿ ಹೀರೋ. ಮೀಸಿ ಕೊಡ್ರಿ, ಹೋಗತೇವಿ."

"ಮಳಿ ಹೆಚ್ಚಾಗಿ ಕೊಳತಿರಬೇಕು ಕಾಕಾ..." ಅಂದ ಶ್ರೀಶೈಲ. ಧ್ವನಿ ಸಣ್ಣದಾಗಿತ್ತು.

ಚನ್ನವ್ವ ಪರಪ್ಪಗ ಚಾ ಕೊಟ್ಲು. ಒಂದು ಪಾಕೀಟು ಹರದು ಹಸಿ ಅರಿವ್ಯಾಗ ಕಟ್ಟಿದ್ಲು. ಮೂಲಿ ಗಡಿಗ್ಯಾಗ ಬೂದಿ ಬೆರಸಿ ಇಟ್ಟ ತಾಯಿಬೀಜ, ಅಂದ್ರ ತಾವು ಮುಂದಿನ ವರ್ಷ ಬಿತ್ತಾಕ ಇಟಗೊಂಡಿದ್ದು, ಅದರಾಗಿಂದೂ ಒಂದು ಹಿಡಿ ಕಟ್ಟಿದ್ಲು. ಎರಡೂ ಗಂಟು ಟೊಂಕಕ್ಕ. "ಹತ್ತು ದಿನ ತಡೀರಿ ಅಣ್ಣಾರ. ಮೀಸಿ ಎಲ್ಲೂ ಓಡಿ ಹೋಗೂದಿಲ್ಲ."

ಆ ಹತ್ತು ದಿನ ಶ್ರೀಶೈಲ ಮನ್ಯಾಗ ಒಂದು ಡೈಲಾಗ್ ಹೊಡಿಲಿಲ್ಲ. ಅವ್ವ ಬಗ್ಗಿದ್ರ ಆಕಿ ಟೊಂಕ ನೋಡಾಂವ, ಎದ್ರೂ ಅದನ್ನ ನೋಡಾಂವ.

ಹತ್ತನೇ ದಿನ ಚನ್ನವ್ವ ಅಡಗಿ ಮನ್ಯಾಗ ಎರಡೂ ಗಂಟು ಬಿಚ್ಚಿದ್ಲು. ತಾಯಿಬೀಜದ ಗಂಟಿನ್ಯಾಗ ಬೆಳ್ಳನ ಬಾಲ ಹೊರಗ ಹಾಕಿದ ಬೀಜ. ಪಾಕೀಟಿನ ಗಂಟಿನ್ಯಾಗ ಹುಳಿ ವಾಸನಿ, ಮೆತ್ತಗಾದ ಕಾಳು, ಒಂದೂ ಒಡದಿಲ್ಲ.

"ಎಲ್ಲಿ ಒಣಗಿಸಿದಿ?"

"ತಗಡಿನ ಮ್ಯಾಲ."

"ಹಂಚಿನ ಮ್ಯಾಲ ಹುರದಂಗಾತಲ್ಲೋ ಅಪ್ಪಾ."

ಬೈದಿದ್ರ ಛಲೋ ಇತ್ತು. ಆಕಿ ಗಡಿಗಿ ತಂದು ಅಂಗಳದಾಗ ಇಟ್ಲು. "ಟಂಟಂ ಹೇಳು. ಒಯ್ದವರಿಗೆಲ್ಲ ಇದನ್ನ ಕೊಡೂಣು."

ನಿಜಗುಣಪ್ಪ ಕಟ್ಟಿ ಮ್ಯಾಲಿಂದ ಎದ್ದು ಬಂದ. "ಹುಚ್ಚೀ, ಇದನ್ನ ಕೊಟ್ರ ಬರೂ ವರ್ಷ ನಾವೇನು ಬಿತ್ತೂಣು? ಹನ್ನೆರಡು ವರ್ಷದ ತಳಿ ಐತಿ ಇದು."

"ಅವರ ಹೊಲದಾಗ ಬೆಳೀತೈತೆಲ್ರಿ. ಬೇಡಿಕೊಂಡು ಬರೂಣು. ಕೊಡೂದಿಲ್ಲಂದ್ರ ನಿಮ್ಮ ಸೈಕಲ್ ಐತಿ, ಹಿಂದ ನಾ ಕುಂದರತೇನಿ."

ಮುದುಕ ನಕ್ಕ. ನಕ್ಕು ತಾನ ಗಡಿಗಿಯ ಒಂದು ಕಡಿ ಹಿಡದ.

ಇನ್ನ ಗಡಿಗಿ ಹೇರಿಕೊಂಡು ಹೋದ ಆ ಯರಗಟ್ಟಿ ಸಂತಿ ಸುದ್ದಿ. ಸುರುವಿಗೆ ನಾ ಸ್ವಲ್ಪ ಮಸಾಲಿ ಜಾಸ್ತಿ ಹಾಕೇನಿ ಬಿಡ್ರಿ. ಖರೇ ಏನಾತಂದ್ರ, ಬಸ್ ನಿಂದ್ರಲಿಲ್ಲ, ಹಾರ್ನ್ ಹೊಡಕೋತ ಹೋತು. ಶ್ರೀಶೈಲ ಟಂಟಂ ಮ್ಯಾಲ ಏರಲೂ ಇಲ್ಲ, ಒಳಗ ಗಡಿಗಿ ತಬ್ಬಿಕೊಂಡು ಕುಂತಿದ್ದ. ಮೈಕ್ ಹಿಡದಾಕಿ ಚನ್ನವ್ವ. "ಅಣ್ಣಗೋಳ, ಅಕ್ಕಗೋಳ, ನಾವು ಕೊಟ್ಟ ಹವೀಜ ಸತ್ತಾವ..." ಅಂದ್ಲು.

ಆವಾಗ ಮಗ ಇಳದು ಬಂದು ಮೈಕ್ ಇಸಗೊಂಡ. "ನಮ್ಮವ್ವಂದಲ್ರಿ. ತಗಡಿನ ಮ್ಯಾಲ ಒಣಗಿಸಿದಾಂವ ನಾನು. ಆಕಿಗೆ ತೋರಿಸಲೂ ಇಲ್ಲ. ಬರ್ರಿ, ಬ್ಯಾರೆ ಬೀಜ ಒಯ್ರಿ." ಇಷ್ಟ. ಯಾರೂ ಚಪ್ಪಾಳಿ ಹೊಡಿಲಿಲ್ಲ, ಮೀಸಿನೂ ಕೇಳಲಿಲ್ಲ. ಬದನಿಕಾಯಿ ಮಾರಾಂವ ತನ್ನ ರೇಟು ಒದರಕೋತ ಇದ್ದ.

ಸ್ವಲ್ಪ ಹೊತ್ತಾದ ಮ್ಯಾಲ ಬೀರವ್ವ ಅಂತ ಒಬ್ಬಾಕಿ ಮುದುಕಿ ಬಂದು ಸೆರಗು ಒಡ್ಡಿದ್ಲು. ಶ್ರೀಶೈಲ ಸೇರು ತುಂಬಿ ಸುರುವಿ ಕೈ ಹಿಂದಕ್ಕ ತಗೊಳ್ಳಾಂವಿದ್ದ. ಚನ್ನವ್ವ ಅವನ ಮಣಿಕಟ್ಟು ಹಿಡದು ಗಡಿಗಿಗೆ ಒಯ್ದು, ಇನ್ನೊಂದು ಹಿಡಿ ತುಂಬಿಸಿ, ಆ ಸೆರಗಿನ್ಯಾಗ ಬಿಡಿಸಿದ್ಲು.