ನಡುಬಾಗಿಲ ಹಲಗೆ

ನಾನು ಒಂದು ಹಲಗೆ. ಮರದ ಹಲಗೆಯಲ್ಲ, ಉಕ್ಕಿನದು. ಸಿಟಿ ಬಸ್ಸಿನ ನಡುಬಾಗಿಲಲ್ಲಿ ನೆಲದೊಡನೆ ನೆಲವಾಗಿ ಮಲಗಿರುವವನು. ನೀವು ನನ್ನನ್ನು ಎಷ್ಟೋ ಸಲ ತುಳಿದಿರುತ್ತೀರಿ, ಒಮ್ಮೆಯೂ ನೋಡಿರಲಾರಿರಿ. ನನ್ನ ಹಿಡಿಕೆ ಹಿಡಿದು ಎತ್ತಿ ಹೊರಗೆ ಮಗುಚಿದರೆ ಬಸ್ಸಿನಿಂದ ಫುಟ್‌ಪಾತಿಗೆ ಇಳಿಜಾರಾಗುತ್ತೇನೆ. ಗಾಲಿಕುರ್ಚಿಯಲ್ಲಿ ಕೂತವರು ಯಾರ ಹಂಗೂ ಇಲ್ಲದೆ ನನ್ನ ಮೇಲೆ ಹಾದು ಒಳಗೆ ಬರಬಹುದು. ನಾನು ಹುಟ್ಟಿದ್ದೇ ಅದಕ್ಕೆ.

ಹುಟ್ಟಿದ್ದು ಬಸ್ಸು ಕಟ್ಟುವ ಒಂದು ಕಾರ್ಖಾನೆಯ ಶೆಡ್ಡಿನಲ್ಲಿ. ಅಂಚಿಗೆ ಕೀಲು ಬೆಸೆದ ಮೇಲೆ ಅಲ್ಲಿನ ಫಿಟ್ಟರು ನನ್ನ ಮೇಲೆ ನಿಂತು ಎರಡು ಸಲ ಕುಪ್ಪಳಿಸಿದ. "ಆನೆ ಹತ್ತಿದ್ರೂ ಬಗ್ಗಾಕಿಲ್ಲ ಬುಡು," ಎಂದ. ಆ ಮಾತು ಕೇಳಿ ನಾನು ಉಬ್ಬಿಹೋದೆ. ಆನೆಯೇ ಬರುತ್ತದೆಂದು ಕಾದವನ ಹಾಗೆ ಬಸ್ಸಿನೊಳಗೆ ಹೋಗಿ ಮಲಗಿದೆ.

ನಮ್ಮ ನಗರಕ್ಕೆ ಎರಡು ವಿಮಾನ ನಿಲ್ದಾಣ. ಹಳೆಯದು ಊರೊಳಗೆ, ಸಣ್ಣಪುಟ್ಟ ಊರುಗಳ ಚಿಕ್ಕ ವಿಮಾನಗಳದ್ದು. ಹೊಸದು ಊರಾಚೆ, ದೂರದ ಊರು-ದೇಶಗಳ ದೊಡ್ಡ ವಿಮಾನಗಳದ್ದು. ಒಂದರಲ್ಲಿ ಇಳಿದವರು ಇನ್ನೊಂದರಲ್ಲಿ ಹತ್ತಬೇಕಾದರೆ ನಡುವೆ ಇಡೀ ನಗರ ದಾಟಬೇಕು. ಅವರನ್ನು ದಾಟಿಸುವ ಬಸ್ಸು ನಮ್ಮದು. ಆನೆ ಬರಲಿಲ್ಲ, ಬಂದದ್ದು ಗಾಲಿಪೆಟ್ಟಿಗೆಗಳು. ಮೊದಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ, ಎಲ್ಲರೂ ಪಲ್ಲಕ್ಕಿ ಏರಿದರೆ ಹೊರುವವರಾರು ಎಂದು ಸುಮ್ಮನಾದೆ. ಮುಖ ಕಾಣದ ನನಗೆ ಜನ ಎಂದರೆ ಚಪ್ಪಲಿ, ಬೂಟು, ಸೀರೆಯಂಚು, ಮತ್ತು ಮಾತು. ನನ್ನ ಹಿಡಿಕೆಯ ಗುಳಿಯಲ್ಲಿ ಕಡಲೆಕಾಯಿ ಸಿಪ್ಪೆ ತುಂಬಿ ಗಟ್ಟಿಯಾಯಿತು.

ನಮ್ಮ ಕಂಡಕ್ಟರ್ ಸಿದ್ದಪ್ಪಾಜಿ ಮಂಡ್ಯದ ಕಡೆಯವರು. ಬಸ್ಸನ್ನು ಕೊಟ್ಟಿಗೆಯ ಎತ್ತಿನಂತೆ ನೋಡಿಕೊಳ್ಳುವವರು. ಯಾರಾದರೂ ಒಳಗೆ ಉಗುಳಿದರೆ, "ನಿಮ್ಮನೆ ನಡುಮನೇಲೂ ಹಿಂಗೇ ಉಗೀತೀರಾ ಸ್ವಾಮಿ?" ಎಂದು ಮೈಚಳಿ ಬಿಡಿಸುತ್ತಿದ್ದರು. ಅಂಥವರಿಗೂ ನಾನು ತೆರೆಯುವ ವಸ್ತು ಎಂಬುದು ಗೊತ್ತಿರಲಿಲ್ಲ, ಮಹಾನಂದಾ ಬರುವ ತನಕ.

ಅವರು ಹಳೆಯ ನಿಲ್ದಾಣದ ಮುಂದೆ ಬ್ಯಾಟರಿ ಗಾಲಿಕುರ್ಚಿಯಲ್ಲಿ ಕಾಯುತ್ತಿದ್ದರು. ಬಸ್ಸು ನಿಂತದ್ದೇ ತಡ, ನಾಲ್ಕಾರು ಬೂಟುಗಳು ಎತ್ತಲು ನುಗ್ಗಿದವು.

"ಎತ್ತಬ್ಯಾಡ್ರಿ! ನಾ ಏನು ಜ್ವಾಳದ ಚೀಲ ಅಲ್ರಿ," ಎಂದು ಕಲಬುರಗಿ ಕಡೆಯ ದನಿಯೊಂದು ಗದರಿತು. "ಕಂಡಕ್ಟರ್ ಅಣ್ಣಾರ, ನಿಮ್ಮ ಕಾಲಾಗೇ ಹಲಗಿ ಅದ ನೋಡ್ರಿ. ಅದನ್ನ ಹಾಕ್ರಿ, ನಾನೇ ಬರ್ತೀನಿ."

ಸಿದ್ದಪ್ಪಾಜಿ ಕಾಲು ಹಿಂದೆಗೆದು ನನ್ನನ್ನು ನೋಡಿದರು. "ಅಯ್ಯೋ ಶಿವ್ನೆ! ಇದು ತೆಗಿಯೋದಾ?" ಕೀಲಿಕೈಯಿಂದ ಸಿಪ್ಪೆ ಕೆದಕಿ ತೆಗೆದು ಎಳೆದರು. ನಾನು ನರಳುತ್ತ ಎದ್ದೆ, ಮಗುಚಿ ಫುಟ್‌ಪಾತಿಗೆ ಒರಗಿದೆ. ಅವರ ಗಾಲಿಗಳು ನನ್ನ ಮೇಲೆ ಮೆಲ್ಲಗೆ ಉರುಳಿ ಒಳಗೆ ಹೋದವು. ಅಂದು ನನಗಾದ ಸಂತೋಷವನ್ನು ಹೇಗೆ ಹೇಳಲಿ! ಬದುಕು ಸಾರ್ಥಕವಾಯಿತು ಎನ್ನುತ್ತಾರಲ್ಲ, ಅದೇ.

ಆಮೇಲೆ ತಿಂಗಳಿಗೊಮ್ಮೆ ಬರತೊಡಗಿದರು. ನನ್ನ ಪಕ್ಕದಲ್ಲೇ ಕುರ್ಚಿ ನಿಲ್ಲಿಸಿಕೊಳ್ಳುತ್ತಿದ್ದುದರಿಂದ ಅವರ ಮಾತೆಲ್ಲ ನನಗೆ ಕೇಳಿಸುತ್ತಿತ್ತು. ಕಲಬುರಗಿಯ ಬ್ಯಾಂಕಿನಲ್ಲಿ ಕೆಲಸ, ಅಲ್ಲಿಂದಲೇ ಚಿಕ್ಕ ವಿಮಾನದಲ್ಲಿ ಬಂದಿಳಿಯುತ್ತಿದ್ದರು. ಚಿಕ್ಕಂದಿನಲ್ಲೇ ಪೋಲಿಯೊ ಆಗಿ ಕಾಲು ಹೋಗಿತ್ತು. ತಂಗಿ ಕಸ್ತೂರಿ ಗಂಡನೊಂದಿಗೆ ಭುವನೇಶ್ವರದಲ್ಲಿದ್ದಳು, ಕಾಯಿಲೆಯಲ್ಲಿ ಮಲಗಿದ್ದಳು. ಶಾಲೆಗೆ ಹೋಗುವಾಗ ಅಕ್ಕನ ಮೂರು ಗಾಲಿಯ ಬಂಡಿಯನ್ನು ಹಿಂದಿನಿಂದ ನೂಕುತ್ತಿದ್ದವಳು ಅವಳೇ.

"ನಾ ಹೋದ್ರ ನಾಕು ತುತ್ತು ಉಣ್ತಾಳ್ರಿ. ಇಲ್ಲಂದ್ರ ಗ್ವಾಡಿ ಕಡಿ ಮುಖ ಮಾಡಿ ಮಲಗ್ತಾಳ," ಎನ್ನುತ್ತಿದ್ದರು.

"ಟ್ಯಾಕ್ಸೀಲಿ ಓಗಬೌದಲ್ಲವ್ವ, ಬಿರ್ರನೆ ಓಯ್ತದೆ," ಎಂದು ಸಿದ್ದಪ್ಪಾಜಿ ಒಮ್ಮೆ ಕೇಳಿದರು.

"ಟ್ಯಾಕ್ಸಿನ್ಯಾಗ ಈ ಕುರ್ಚಿ ಹಿಡಿಯಂಗಿಲ್ರಿ. ಮ್ಯಾಲ ಡ್ರೈವರ್ ನನ್ನ ಎತ್ತಿ ಕೂಡಸ್ಬೇಕು. ಸಣ್ಣಾಕಿ ಇದ್ದಾಗಿಂದ ಎತ್ತಿಸ್ಕೊಂಡು ಎತ್ತಿಸ್ಕೊಂಡು ಸಾಕಾಗ್ಯದ. ಈ ಬಸ್ಸಿನ್ಯಾಗ ನನ್ನ ಯಾರೂ ಮುಟ್ಟಂಗಿಲ್ಲ."

ಆ ಮಾತು ಸಿದ್ದಪ್ಪಾಜಿಯ ಎದೆಗೆ ನಾಟಿತು. ಅಂದಿನಿಂದ ನನಗೆ ರಾಜೋಪಚಾರ. ಕೀಲಿಗೆ ಎಣ್ಣೆ, ಗುಳಿಗೆ ಬಟ್ಟೆಯ ಒರೆತ. ನನ್ನ ಮೇಲೆ ಪೆಟ್ಟಿಗೆ ಇಟ್ಟವರಿಗೆ ಮಂಗಳಾರತಿ.

ಆಮೇಲೆ ದಸರಾ ಬಂತು.

ಆಯುಧಪೂಜೆ ಎಂದರೆ ನಮ್ಮ ಡಿಪೋದಲ್ಲಿ ಮದುವೆ ಮನೆಯ ಸಡಗರ. ಡ್ರೈವರು, ಕಂಡಕ್ಟರುಗಳು ತಮ್ಮ ತಮ್ಮ ಬಸ್ಸನ್ನು ತೊಳೆದು, ಕೈಯಿಂದಲೇ ಖರ್ಚು ಹಾಕಿ ಬಣ್ಣ ಬಳಿದು, ಬಾಳೆಕಂದು ಕಟ್ಟಿ ಬೂದುಗುಂಬಳ ಒಡೆಯುತ್ತಾರೆ. ಹಬ್ಬದ ಹಿಂದಿನ ದಿನ ಸಿದ್ದಪ್ಪಾಜಿ ಹಳದಿ ಬಣ್ಣದ ಡಬ್ಬಿ ತಂದು ನನ್ನ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತರು. "ಆವಮ್ಮ ಬಂದಾಗ ದೂರದಿಂದ್ಲೇ ಕಾಣ್ಬೇಕು," ಎಂದು ಡ್ರೈವರಿಗೆ ಹೇಳಿ, ಎರಡು ಕೈ ಬಣ್ಣ ದಟ್ಟವಾಗಿ ಬಳಿದರು. ಅಂಚು ಬಿಡಲಿಲ್ಲ, ಕೀಲು ಬಿಡಲಿಲ್ಲ, ಹಿಡಿಕೆಯ ಗುಳಿಯನ್ನೂ ಬಿಡಲಿಲ್ಲ. ಹಬ್ಬದ ದಿನ ಕುಂಕುಮ ಇಟ್ಟು, ಸೇವಂತಿಗೆ ಏರಿಸಿ, ನನಗೆ ಕೈಮುಗಿದರು. ತುಳಿಸಿಕೊಳ್ಳುವವನಿಗೆ ಪೂಜೆ! ನಾನೂ ಹಿಗ್ಗಿದೆ. ಬಣ್ಣ ಸಂದಿಗಿಳಿದು ಒಣಗುತ್ತಿದ್ದುದು ಅವರಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ.

ವಿಜಯದಶಮಿಯ ಬೆಳಿಗ್ಗೆ ಮಹಾನಂದಾ ಬಂದರು. ಅದು ಅವರು ಬರುವ ದಿನವಲ್ಲ. ಫೋನಿನಲ್ಲಿ ಯಾರಿಗೋ, "ಬಂದೆ ಅಂತ ಹೇಳ್ರಿ ಆಕಿಗಿ, ಅಕ್ಕ ಸಂಜೀ ಅನ್ನೂದ್ರಾಗ ಬರ್ತಾಳ ಅಂತ ಹೇಳ್ರಿ," ಎನ್ನುತ್ತಿದ್ದರು. ಕಸ್ತೂರಿಗೆ ಮೇಲುಸಿರು ಹತ್ತಿತ್ತಂತೆ.

"ನೋಡವ್ವ, ಎಂಗೆ ಸಿಂಗಾರ ಮಾಡಿವ್ನಿ!" ಎಂದು ಸಿದ್ದಪ್ಪಾಜಿ ಬಗ್ಗಿ ಹಿಡಿಕೆ ಎಳೆದರು.

ನಾನು ಏಳಲಿಲ್ಲ.

ಮತ್ತೆ ಎಳೆದರು. ಡ್ರೈವರ್ ರಾಡು ತಂದು ಮೀಟಿದ. ಹಿಡಿಕೆ ಮುರಿದು ಅವರ ಕೈಗೇ ಬಂತು. ನನ್ನ ಮೈಯ ಶಕ್ತಿಯನ್ನೆಲ್ಲ ಒಟ್ಟು ಮಾಡಿ ಏಳಲು ನೋಡಿದೆ, ಆದರೆ ಉಕ್ಕಿಗೆ ತನ್ನದೇ ಶಕ್ತಿ ಎಲ್ಲಿಂದ ಬರಬೇಕು? ಹಬ್ಬದ ದಿನ, ಹಿಂದೆ ಬೇರೆ ಬಸ್ಸು ಇರಲಿಲ್ಲ. ಹೊತ್ತು ಹೋಗುತ್ತಿತ್ತು.

ಕೊನೆಗೆ ಮಹಾನಂದಾ ಮೆಲ್ಲಗೆ, "ಎತ್ರಿ," ಎಂದರು.

ಯಾರು ಯಾರೋ ಅವರ ತೋಳು ಹಿಡಿದರು, ಕಾಲು ಹಿಡಿದರು. ಸೀಟಿನಲ್ಲಿ ಕೂರಿಸಿ ಕುರ್ಚಿಗೆ ಕೈಹಾಕಿದರು. ಅದು ಕಲ್ಲುಗುಂಡಿನಷ್ಟು ಭಾರ. ಎತ್ತುವ ಭರದಲ್ಲಿ ಒಬ್ಬ ಅದನ್ನು ನಡೆಸುವ ಜಾಯ್‌ಸ್ಟಿಕ್ ಹಿಡಿದು ಜಗ್ಗಿದ. ಅದು ಪಟ್ಟನೆ ಮುರಿಯಿತು. ಹೊಸ ನಿಲ್ದಾಣದಲ್ಲಿ ಮತ್ತೆ ಹಾಗೆಯೇ ಹೊತ್ತು ಇಳಿಸಿದರು. ಕುರ್ಚಿ ಅಲುಗಲಿಲ್ಲ. ನಿಲ್ದಾಣದವರ ಗಾಲಿಕುರ್ಚಿ ತರಲು ಸಿದ್ದಪ್ಪಾಜಿ ಬರಿಗಾಲಲ್ಲಿ ಓಡಿದ್ದು ನನಗೆ ಕೇಳಿಸಿತು. ಚಪ್ಪಲಿ ನನ್ನ ಮೇಲೆಯೇ ಬಿದ್ದಿತ್ತು.

ಮರುದಿನದಿಂದ ಅವರು ಬ್ಲೇಡು, ಸೀಮೆಣ್ಣೆ ಹಿಡಿದು ನನ್ನ ಪಕ್ಕ ಕೂರತೊಡಗಿದರು. ಬಿಡುವು ಸಿಕ್ಕಾಗಲೆಲ್ಲ ಕೆರೆದರು. ಪ್ರೀತಿಯಿಂದ ಬಳಿದದ್ದನ್ನು ಉಗುರು ಕೀಳುವಂತೆ ಕೆರೆದು ಕೆರೆದು ತೆಗೆದರು. ಹೊಸ ಹಿಡಿಕೆ ಹಾಕಿಸಿದರು. ಕೆರೆಯುವಾಗ ನನ್ನ ಮೇಲೆ ಬಿದ್ದ ಹನಿ ಸೀಮೆಣ್ಣೆಯದಲ್ಲ ಎಂದು ನನಗೆ ಗೊತ್ತಾಗುತ್ತಿತ್ತು. ಅಯ್ಯಾ, ನಿನ್ನ ತಪ್ಪಲ್ಲ ಎಂದು ಹೇಳಬೇಕೆನಿಸಿತು. ನನಗೆ ಬಾಯಿಲ್ಲ.

ಕೆಲವು ದಿನ ಕಳೆದು ಮಹಾನಂದಾ ಹೊಸ ನಿಲ್ದಾಣದಲ್ಲಿ ನಮ್ಮ ಬಸ್ಸಿಗೆ ಕಾದಿದ್ದರು. ಸಿದ್ದಪ್ಪಾಜಿ ಹಿಡಿಕೆ ಎಳೆದರು. ನಾನು ಹೂವಿನಂತೆ ಎದ್ದು ಫುಟ್‌ಪಾತಿಗೆ ಒರಗಿದೆ. ರಿಪೇರಿಯಾದ ಕುರ್ಚಿ ಒಳಗೆ ಬಂತು.

"ಈಗ ಛಲೋ ತೆರೀತದಲ್ರಿ, ಅಣ್ಣಾರ," ಎಂದರು. ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು.

"ತಂಗ್ಯವ್ವ ಎಂಗವ್ಳವ್ವ?" ಎಂದು ಸಿದ್ದಪ್ಪಾಜಿ ಕೇಳಿದರು.

"ಅವತ್ತು ವಿಮಾನ ತಪ್ಪಿತ್ರಿ. ಮರುದಿನ ಹೋದೆ. ಅಷ್ಟೊತ್ತಿಗೆ ಆಕಿನ್ನ ಮಣ್ಣಿಗಿ ಒಯ್ಯಾಕ ನನ್ನ ಸಲುವಾಗಿ ಕಾಯ್ದಿದ್ರು."

ಸಿದ್ದಪ್ಪಾಜಿ ನನ್ನ ಮೇಲೆಯೇ ಕುಸಿದು ಕುಳಿತರು. "ನನ್ ಕೈ ಸೇದೋಗ್ಲಿ ಕಣವ್ವ. ನಿನಗೋಸ್ಕರ ಅಂತ್ಲೇ ಬಳ್ದೆ."

"ಗೊತ್ತದರಿ. ಅದಕ್ಕ ಯಾರ ಮ್ಯಾಲ ಸಿಟ್ಟು ಮಾಡ್ಲಿ ಅಂತ ತಿಳೀವಲ್ದು."

ಹಳೆಯ ನಿಲ್ದಾಣದಲ್ಲಿ ಅವರು ನನ್ನ ಮೇಲೆ ಹಾದು ಇಳಿದರು. "ಇನ್ನ ಆ ಕಡಿ ನನಗ ಹೋಗೂ ಕೆಲಸಿಲ್ರಿ. ಬರ್ತೀನಿ, ಅಣ್ಣಾರ." ಬರುತ್ತೇನೆ ಎಂದದ್ದು ಬರಿಯ ರೂಢಿಯ ಮಾತು. ಅವರು ಮತ್ತೆ ಬರಲಿಲ್ಲ.

ನಿವೃತ್ತಿಯಾಗುವ ತನಕ ಸಿದ್ದಪ್ಪಾಜಿ ಎರಡೂ ನಿಲ್ದಾಣಗಳಲ್ಲಿ, ಯಾರಿರಲಿ ಬಿಡಲಿ, ನನ್ನನ್ನು ಒಮ್ಮೆ ತೆರೆದು ಮುಚ್ಚುತ್ತಿದ್ದರು. ಜನ ನಗುತ್ತಿದ್ದರು. ಆಯುಧಪೂಜೆಗೆ ಕುಂಕುಮ ಮಾತ್ರ ಇಡುತ್ತಿದ್ದರು. ಅವರ ನಂತರ ಬಂದವರಿಗೆ ನನ್ನ ಗುಳಿ ಮತ್ತೆ ಕಸದ ಗುಳಿಯಾಯಿತು. ಬಸ್ಸು ಮುದಿಯಾಯಿತು, ಹರಾಜಾಯಿತು.

ಈಗ ಗುಜರಿ ಅಂಗಡಿಯಲ್ಲಿದ್ದೇನೆ. ನನ್ನನ್ನು ಬಸ್ಸಿನಿಂದ ಕಿತ್ತು ಅಂಗಳದಿಂದ ಶೆಡ್ಡಿನ ಜಗಲಿಗೆ ಒರಗಿಸಿದ್ದಾರೆ. ನನ್ನ ಮೇಲೆ ಡ್ರಮ್ಮು ಉರುಳಿಸುತ್ತಾರೆ. ಕೀಲಿನ ಸಂದಿಯಲ್ಲಿ ಬ್ಲೇಡಿಗೆ ಸಿಗದ ಹಳದಿಯ ಚೂರೊಂದು ಇನ್ನೂ ಅಂಟಿಕೊಂಡಿದೆ. ಇಲ್ಲಿ ನನ್ನನ್ನು ಯಾರೂ ಮಡಚುವುದಿಲ್ಲ. ಬಿಸಿಲಿರಲಿ, ಮಳೆಯಿರಲಿ, ಯಾರೂ ಎಳೆಯಬೇಕಾಗಿಲ್ಲದಂತೆ ತೆರೆದೇ ಇರುತ್ತೇನೆ.

ಅಂದು ಹೀಗೆ ಇದ್ದಿದ್ದರೆ ಸಾಕಿತ್ತು.