ಚರಂಡಿ ಕಟ್ಟಿದ ತಪ್ಪಿಗೆ

ನಗರಸಭೆಯ ಚೀಟಿ ಬಂದಾಗ ಹೊಲಿಗೆಯಕ್ಕ ಶಾಲೆ ಮಕ್ಕಳ ಅಂಗಿಗೆ ಗುಂಡಿ ಹಾಕುತ್ತಿದ್ದಳು. ಒಂದು ಅಂಗಿಗೆ ಆರು ಗುಂಡಿ. ಸಂಜೆಯೊಳಗೆ ಐವತ್ತು ಅಂಗಿ ಮುಗಿದರೆ ಅಂಗಡಿಯವನು ಅವತ್ತಿನ ಕೂಲಿ ಅವತ್ತೇ ಕೊಡುತ್ತಾನೆ. ನಲವತ್ತೊಂಬತ್ತಾದರೆ, "ನಾಳೆ ಒಟ್ಟಿಗೇ ತಗೊಳ್ಳಮ್ಮ" ಎನ್ನುತ್ತಾನೆ. ಆ ನಾಳೆ ಯಾವಾಗ ಬರುತ್ತದೆಂದು ಅವನಿಗೂ ಗೊತ್ತಿಲ್ಲ.

ಬಿಲ್ ಕಲೆಕ್ಟರ್ ಹೊಸ್ತಿಲ ಆಚೆಯೇ ನಿಂತು ಚೀಟಿ ಚಾಚಿದ. ಅವಳು ಹಲ್ಲಿನಲ್ಲಿದ್ದ ದಾರ ಕಡಿದು ಓದಿದಳು. ಇನ್ನೊಮ್ಮೆ ಓದಿದಳು.

"ಏನಣ್ಣ ಇದು? ಹೋದ ವರ್ಷ ಎಂಟುನೂರು ಕಟ್ಟಿದೀನಿ. ಇದರಲ್ಲಿ ಎರಡು ಸಾವಿರದ ನಾನೂರು ಅಂತಿದೆ. ನನ್ನ ಒಂದು ಕೋಣೆ ಮನೆ ರಾತ್ರೋರಾತ್ರಿ ಮೂರು ಮಹಡಿ ಆಗೋಯ್ತಾ?"

"ಮನೆ ಬೆಳೆದಿಲ್ಲಕ್ಕ, ಬೀದಿ ಬೆಳೆದಿದೆ. ನಿಮ್ಮ ಗಲ್ಲಿ ಈಗ ಅಭಿವೃದ್ಧಿ ಹೊಂದಿದ ವಲಯ."

"ಯಾರು ಅಭಿವೃದ್ಧಿ ಮಾಡಿದ್ದು?"

ಅವನು ಚಪ್ಪಲಿ ಕಾಲಿನಿಂದ ಕೆಳಗಿನ ಚಪ್ಪಡಿಯನ್ನು ಎರಡು ಸಲ ತಟ್ಟಿದ. "ಇದೇನು ಮತ್ತೆ? ಮುಚ್ಚಿದ ಚರಂಡಿ! ಎಷ್ಟು ಗಲ್ಲಿಗಳಿಗಿದೆ ಈ ಭಾಗ್ಯ? ಮೂವತ್ತು ದಿನದಲ್ಲಿ ಕಟ್ಟಿಬಿಡಿ. ಇಲ್ಲಾಂದ್ರೆ ನಲ್ಲಿ ಕತ್ತರಿಸೋಕೆ ಬರ್ತಾರೆ. ನನ್ನ ಬೈಕೋಬೇಡಿ."

ಒಳಗಿನಿಂದ ಅತ್ತೆ ಕೂಗಿದಳು. "ಅವನನ್ನ ಚಪ್ಪಡಿ ಮೇಲಿಂದ ಇಳಿಯೋಕೆ ಹೇಳೇ! ಅದಕ್ಕೆ ಮರಳು ಹೊತ್ತಿದ್ದು ನಾನು."

ಮುದುಕಿ ಹೇಳಿದ್ದು ಸುಳ್ಳಲ್ಲ. ಆ ಚರಂಡಿಗೆ ನಗರಸಭೆ ಒಂದು ಹಿಡಿ ಸಿಮೆಂಟೂ ಕೊಟ್ಟಿರಲಿಲ್ಲ.

ಮೊದಲು ಅಲ್ಲಿದ್ದದ್ದು ಬರೀ ಕಪ್ಪು ನೀರಿನ ಕಾಲುವೆ. ನಾಲ್ಕು ಹನಿ ಮಳೆ ಬಿದ್ದರೆ ಸಾಕು, ಹೊಸ್ತಿಲು ದಾಟಿ ಒಳಗೆ ಬರುತ್ತಿತ್ತು. ಹೊಲಿಗೆ ಯಂತ್ರ ನಾಲ್ಕು ಇಟ್ಟಿಗೆಗಳ ಮೇಲೆ ನಿಂತಿರುತ್ತಿತ್ತು. ಮಗಳು ನಿಲ್ಲುವುದಕ್ಕೆ ಇಟ್ಟಿಗೆ ಇರಲಿಲ್ಲ. ಅವಳ ಕಾಲ್ಬೆರಳ ಸಂದಿಯೆಲ್ಲ ಕೊಳೆತು, ಶಾಲೆಯ ಟೀಚರ್ "ವಾಸಿಯಾಗೋ ತನಕ ಕಳಿಸಬೇಡಿ" ಎಂದಿದ್ದರು. ಐದು ವರ್ಷ ಅರ್ಜಿ ಕೊಟ್ಟರು. ಐದು ವರ್ಷವೂ 'ಅನುದಾನ ಲಭ್ಯವಿಲ್ಲ' ಎಂಬ ಒಂದೇ ಉತ್ತರ.

ಕೊನೆಗೆ ಗಲ್ಲಿಯ ತುದಿಮನೆಯ ಗಾರೆಮಾವ ಹೇಳಿದ. "ಈ ಅರ್ಜಿ ಕಾಗದನೆಲ್ಲ ತುಂಬಿದ್ರೇ ಚರಂಡಿ ಮುಚ್ಚಿಹೋಗ್ತಿತ್ತಲ್ಲೋ! ನನಗೆ ಕೈಯಿದೆ, ಕರಣೆ ಇದೆ. ನೀವು ಸಾಮಾನು ತನ್ನಿ."

ನಾಲ್ಕು ಭಾನುವಾರ. ನಲವತ್ತೊಂದು ಮನೆ. ಕೆಲವರು ಸಿಮೆಂಟ್ ತಂದರು, ಕೆಲವರು ಕಂಬಿ. ಏನೂ ಇಲ್ಲದವರು ಸೊಂಟ ಬಗ್ಗಿಸಿದರು. ಅತ್ತೆ ಎಪ್ಪತ್ತರ ವಯಸ್ಸಿನಲ್ಲಿ ಮರಳಿನ ಬಾಂಡ್ಲಿ ಹೊತ್ತು, ಪ್ರತಿ ಬಾಂಡ್ಲಿಗೂ ನಗರಸಭೆಗೆ ಒಂದೊಂದು ಬೈಗುಳ ಬೈದಿದ್ದಳು. ಆಮೇಲೆ ನೀರು ಹೊಸ್ತಿಲು ಹತ್ತಲಿಲ್ಲ. ಯಂತ್ರ ಇಟ್ಟಿಗೆಯಿಂದ ಇಳಿಯಿತು. ಮಗಳು ಶೂ ಹಾಕಿಕೊಂಡು ಶಾಲೆಗೆ ಹೋದಳು.

ಈಗ ಅದೇ ಮಗಳಿಗೆ ಕರಿಹಲಗೆಯ ಮೇಲಿನ ಅಕ್ಷರ ಕಾಣುತ್ತಿಲ್ಲ. ಪಕ್ಕದವಳ ಪುಸ್ತಕ ನೋಡಿ ಬರೆದು, 'ಕಾಪಿ ಹೊಡೀತಾಳೆ' ಎಂದು ಬೈಸಿಕೊಂಡು ಬರುತ್ತಾಳೆ. ಕನ್ನಡಕಕ್ಕೆಂದು ಹೊಲಿಗೆಯಕ್ಕ ಮೂರು ತಿಂಗಳಿಂದ ಒಂದಿಷ್ಟು ಎತ್ತಿಟ್ಟಿದ್ದಳು. ಗಂಡ ಲಾರಿಯ ಮೇಲೆ ಹೋದರೆ ಹದಿನೈದು ದಿನ ಪತ್ತೆಯಿಲ್ಲ. ಮೂಟೆ ಇಳಿಸಿದ ಕೂಲಿ ಅವನ ಹೊಟ್ಟೆಗೂ ಮನೆಯ ಅಕ್ಕಿಗೂ ಸರಿಹೋಗುತ್ತದೆ. ಅವಳು ಆ ಚೀಟಿಯನ್ನೂ ಕನ್ನಡಕದ ದುಡ್ಡನ್ನೂ ಪಕ್ಕಪಕ್ಕ ಇಟ್ಟು ನೋಡಿದಳು. ಎರಡೂ ಒಂದೇ ಡಬ್ಬಿಯಲ್ಲಿ ಹಿಡಿಯುವಂತಿರಲಿಲ್ಲ.

ಶುಕ್ರವಾರ ನಗರಸಭೆಯಲ್ಲಿ ಬಜೆಟ್ ಸಭೆ. ಚೀಟಿಯಲ್ಲಿರುವ ಹೊಸ ಕಂದಾಯವೂ ಅಲ್ಲೇ ಅಂತಿಮವಾಗುತ್ತದೆ, ಸಾರ್ವಜನಿಕರು ಹಿಂದಿನ ಬೆಂಚಿನಲ್ಲಿ ಕೂರಬಹುದು ಎಂದು ಯಾರೋ ಹೇಳಿದರು. ಅವಳು ಹದಿನೇಳು ಅಂಗಿ ಬಾಕಿ ಬಿಟ್ಟು ಹೊರಟಳು. ಅತ್ತೆಯೂ ಸೆರಗು ಬಿಗಿದು ಬಂದಳು.

"ನೀವ್ಯಾಕೆ ಅತ್ತೆ?"

"ಚರಂಡಿಗೆ ದುಡ್ಡಿಲ್ಲ ಅಂದೋರು ನಾಲ್ಕು ಲಕ್ಷ ಕೊಟ್ಟು ಹೊಸ ಕುರ್ಚಿ ತಂದವ್ರಂತೆ. ಹೆಂಗಿರ್ತವೆ ನೋಡಬೇಕು."

ಕುರ್ಚಿಗಳೇನೋ ಮೆತ್ತಗಿದ್ದವು. ಹಿಂದಿನ ಬೆಂಚು ಮಾತ್ರ ಕಬ್ಬಿಣದ್ದು. ಲೆಕ್ಕಾಧಿಕಾರಿ ಮಗ್ಗಿ ಒಪ್ಪಿಸುವ ಹುಡುಗನಂತೆ ಒಂದೇ ಉಸಿರಿಗೆ ಓದುತ್ತಿದ್ದ. ಸದಸ್ಯರಲ್ಲಿ ಒಬ್ಬರು ಆಕಳಿಸಿದರು, ಒಬ್ಬರು ಮೊಬೈಲು ಒತ್ತಿದರು. ಅಷ್ಟರಲ್ಲಿ ಹೊಲಿಗೆಯಕ್ಕನ ಕಿವಿ ನೆಟ್ಟಗಾಯಿತು.

"...ಹನ್ನೊಂದನೇ ವಾರ್ಡು, ನಲವತ್ತೊಂದು ಮನೆಗಳ ಗಲ್ಲಿ, ಮುಚ್ಚಿದ ಚರಂಡಿ ಕಾಮಗಾರಿ ಪೂರ್ಣಗೊಂಡಿದೆ, ಖರ್ಚು ನಾಲ್ಕು ಲಕ್ಷದ ಎಂಬತ್ತು ಸಾವಿರ. ಮುಂದಿನ ಸಾಲಿಗೆ ಸದರಿ ಚರಂಡಿಯ ನಿರ್ವಹಣೆಗೆ ಒಂದು ಲಕ್ಷ..."

ಹನ್ನೊಂದನೇ ವಾರ್ಡಿನ ಸದಸ್ಯ ಮೇಜು ಕುಟ್ಟಿದ. ಅವನಿಗೆ ಗಲ್ಲಿಯಲ್ಲಿ ನಗುಮುಖ ಎಂದೇ ಹೆಸರು. ಮದುವೆಗೂ ಅದೇ ನಗು, ಸಾವಿನ ಮನೆಗೂ ಅದೇ. ಉಳಿದವರೂ ಮೇಜು ಕುಟ್ಟಿದರು.

ಅವಳಿಗೆ ತಾನು ಯಾವಾಗ ಎದ್ದು ನಿಂತೆನೆಂದು ತಿಳಿಯಲಿಲ್ಲ. "ಸ್ವಾಮಿ, ಅದು ನಾವು ಕಟ್ಟಿದ್ದು! ನಿಮ್ಮದು ಒಂದು ಇಟ್ಟಿಗೆನೂ ಇಲ್ಲ."

ಅಧ್ಯಕ್ಷರು ಕನ್ನಡಕದ ಮೇಲಿಂದ ನೋಡಿದರು. "ಯಾರಮ್ಮ ಅದು? ಸಾರ್ವಜನಿಕರು ಮಾತಾಡೋ ಹಾಗಿಲ್ಲ. ಆಕ್ಷೇಪಣೆ ಇದ್ರೆ ಸೋಮವಾರ ಐದು ಗಂಟೆಯೊಳಗೆ ಬರೆದು ಕೊಡಿ. ಯಾರೂ ಕೊಡದಿದ್ರೆ ಬಜೆಟ್ಟು ಹೀಗೇ ಪಾಸು."

"ನಮ್ಮ ವಾರ್ಡಿನ ತಾಯಿ, ಸಾರ್," ಎಂದ ನಗುಮುಖ. "ಚರಂಡಿ ಆದ ಖುಷಿಗೆ ಏನೋ ಹೇಳ್ತಾ ಇದಾರೆ."

ಸಭೆಯೆಲ್ಲ ನಕ್ಕಿತು. ನಗು ನಿಲ್ಲುವ ಮೊದಲೇ ಲೆಕ್ಕಾಧಿಕಾರಿ ಮುಂದಿನ ವಾರ್ಡಿಗೆ ಹೋಗಿದ್ದ.

ಸಭೆ ಮುಗಿದ ಮೇಲೆ ಜವಾನನೊಬ್ಬ ಬಂದು, ಕಂದಾಯದ ಸಾಹೇಬರು ಕರೆಯುತ್ತಿದ್ದಾರೆಂದ. ಸಾಹೇಬರು ಒರಟರಲ್ಲ. ಕೂರಲು ಹೇಳಿದರು, ನೀರು ಕೊಡಿಸಿದರು. ಆಮೇಲೆ ಒಂದು ಕಡತ ತೆರೆದರು.

"ನೋಡಮ್ಮ, ತಾಳ್ಮೆಯಿಂದ ಕೇಳಿ. ಕಾಗದದ ಪ್ರಕಾರ ಚರಂಡಿ ನಗರಸಭೇದು. ಬಿಲ್ ಆಗಿದೆ, ಗುತ್ತಿಗೆದಾರನಿಗೆ ದುಡ್ಡು ಹೋಗಿದೆ. ಹಾಗಾಗಿ ನಿಮ್ಮದು ಅಭಿವೃದ್ಧಿಯಾದ ಬೀದಿ, ಕಂದಾಯ ಜಾಸ್ತಿ. ನ್ಯಾಯ ತಾನೇ?"

"ಕಟ್ಟಿದ್ದು ನಾವು ಸಾರ್."

"ಅದಕ್ಕೂ ಕಾನೂನಿದೆ. ಸರ್ಕಾರಿ ಜಾಗದಲ್ಲಿ ಅನುಮತಿ ಇಲ್ಲದೆ ಕಟ್ಟಿದ್ರೆ ಅಪರಾಧ. ಮನೆಗೆ ಐದೈದು ಸಾವಿರ ದಂಡ, ಮೇಲೆ ಚರಂಡಿ ಒಡೆಯೋ ಖರ್ಚೂ ನಿಮ್ಮದೇ. ಈಗ ಹೇಳಿ, ಯಾರು ಕಟ್ಟಿದ್ದು?"

ಅತ್ತ ದರಿ, ಇತ್ತ ಪುಲಿ.

ಸಾಹೇಬರು ಒಂದು ಹಾಳೆ ಮುಂದಕ್ಕೆ ತಳ್ಳಿದರು. "ಚರಂಡಿ ಚೆನ್ನಾಗಿದೆ, ನಗರಸಭೆಗೆ ಧನ್ಯವಾದ ಅಂತ ಇದರಲ್ಲಿ ಬರೆದಿದೆ. ಗಲ್ಲಿಯವರೆಲ್ಲ ಸಹಿ ಹಾಕಿ ತನ್ನಿ. ಎಲ್ಲರಿಗೂ ನೂರಕ್ಕೆ ಹತ್ತು ಬಿಡಿಸ್ತೀನಿ. ನಿಮ್ಮ ಮನೇನ ಹಳೇ ದರದಲ್ಲೇ ಇರೋ ಹಾಗೆ ನೋಡ್ಕೋತೀನಿ. ಮಗಳು ಓದ್ತಾ ಇದಾಳಂತೆ."

ಮಗಳ ವಿಷಯ ಇವರಿಗೆ ಯಾರು ಹೇಳಿದರು? ಬಾಗಿಲಾಚೆ ನಗುಮುಖನ ನೆರಳು ಕಂಡಿತು. ಅವಳು ಹಾಳೆ ಮಡಿಸಿ ಬ್ಲೌಸಿನೊಳಗೆ ಇಟ್ಟುಕೊಂಡಳು. ಬೇಡ ಎನ್ನಲಿಲ್ಲ. ಹಳೇ ದರವೆಂದರೆ ಕನ್ನಡಕ. ದಾರಿಯುದ್ದಕ್ಕೂ ಆ ಹಾಳೆ ಎದೆಗೆ ಚುಚ್ಚುತ್ತಿತ್ತು.

ಭಾನುವಾರ ಬೆಳಿಗ್ಗೆ ನಲ್ಲಿಯ ಹತ್ತಿರ ಗಲ್ಲಿಯೆಲ್ಲ ಸೇರಿತು. ಅವಳು ನಡೆದದ್ದನ್ನೆಲ್ಲ ಹೇಳಿದಳು. ತನ್ನ ಮನೆಗೆ ಮಾತ್ರ ಹಳೇ ದರವೆಂಬುದನ್ನೂ ಮುಚ್ಚಿಡಲಿಲ್ಲ.

"ಸಹಿ ಹಾಕೋಣ," ಎಂದ ತರಕಾರಿ ಗಾಡಿಯವನು. "ಹತ್ತು ಅಂದ್ರೆ ಹತ್ತು. ದಂಡ ಕಟ್ಟೋಕೆ ನನ್ನ ಗಾಡಿ ಮಾರಬೇಕು."

"ಮೂಗಿಗೆ ತುಪ್ಪ ಸವರ್ತಾರೆ ಕಣೋ," ಎಂದಳು ಅತ್ತೆ. "ಕೈ ಕೆಸರಾಗಿದ್ದು ನಮ್ಮದು, ಬಾಯಿ ಮೊಸರಾಗಿದ್ದು ಅವರದ್ದು. ಈಗ ಮೂತಿ ಒರೆಸೋಕೂ ನಮ್ಮನ್ನೇ ಕರೀತಾರೆ!"

"ಅಜ್ಜಿ, ಗಾದೆ ಹೇಳಿದ್ರೆ ನಲ್ಲಿ ಬಿಡ್ತಾರಾ?"

ಗಾರೆಮಾವ ಗೋಡೆಗೊರಗಿ ಬೆರಳ ಉಗುರಿನ ಸಿಮೆಂಟು ಕೆರೆಯುತ್ತಿದ್ದ. ಹೊಲಿಗೆಯಕ್ಕ ಕೇಳಿಯೇಬಿಟ್ಟಳು. "ಮಾವ, ಬಿಲ್ ಮಾಡಿದ ಗುತ್ತಿಗೆದಾರ ಯಾರು ಅಂತ ನಿಮಗೆ ಗೊತ್ತಾ?"

"ಗೊತ್ತಿಲ್ಲದೆ ಏನಮ್ಮ? ನಗುಮುಖನ ಭಾಮೈದ. ಹನ್ನೆರಡು ವರ್ಷದಿಂದ ನನ್ನ ಯಜಮಾನ." ಮಾವ ತಲೆಯೆತ್ತಲಿಲ್ಲ. "ನಾವು ಕೆಲಸ ಮಾಡೋವಾಗ ಒಂದಿನ ಬಂದಿದ್ದ. ಫೋಟೋ ತಕ್ಕೊಂಡ. ಭೇಷ್ ಮೇಸ್ತ್ರಿ, ನಿನ್ನ ಕೈ ಚಿನ್ನ ಅಂದ. ನಾನು ಪೆದ್ದ, ಹಿಗ್ಗಿಹೋದೆ. ಚಪ್ಪಡಿ ಪಕ್ಕ ನಿಂತು ಹಲ್ಲು ಕಿರಿದೆ."

ಬಕೆಟ್ಟೊಂದು ತುಂಬಿ ಹೊರಚೆಲ್ಲಿತು. ಯಾರೋ ನಲ್ಲಿ ನಿಲ್ಲಿಸಿದರು.

ಹೊಲಿಗೆಯಕ್ಕ ಹಾಳೆ ತೆಗೆದಳು. ಓದಿ ಹೇಳಿದಳು. 'ನಗರಸಭೆಯು ನಮ್ಮ ಮೇಲೆ ಕರುಣೆಯಿಟ್ಟು ನಿರ್ಮಿಸಿಕೊಟ್ಟ' ಎಂಬಲ್ಲಿಗೆ ಬಂದಾಗ ಓದುವುದನ್ನು ನಿಲ್ಲಿಸಿ ಹಾಳೆ ಮಡಿಸಿಬಿಟ್ಟಳು.

"ಕರುಣೆಯಂತೆ! ಅಲ್ಲ, ಇದಕ್ಕೆ ಸಹಿ ಹಾಕಿದ್ರೆ ವರ್ಷಾವರ್ಷ ಕಂದಾಯ ಕಟ್ಟಬೇಕು. ವರ್ಷಾವರ್ಷ ನಮ್ಮ ಚರಂಡಿ ಹೆಸರಲ್ಲಿ ಅವರು ಲಕ್ಷ ತಿಂತಾರೆ. ಸೋಮವಾರ ನಾನು ಬೇರೆ ಕಾಗದ ಕೊಡ್ತೀನಿ. ತಪ್ಪೊಪ್ಪಿಗೆ. ಹೌದು, ನಾನೇ ಕಟ್ಟಿದೆ, ಅಪರಾಧ ಮಾಡಿದೀನಿ, ಬಂದು ಒಡೀರಿ ಅಂತ. ಒಡೆಯೋಕೆ ಬಂದ್ರೆ ಆಗ ಅವರೇ ಊರಿಗೆ ಹೇಳಬೇಕು, ನಾಲ್ಕು ಲಕ್ಷ ಎಂಬತ್ತು ಸಾವಿರ ಎಲ್ಲಿ ಹೋಯ್ತು ಅಂತ."

"ದಂಡ ಹಾಕ್ತಾರಕ್ಕ," ಎಂದ ಗಾಡಿಯವನು.

"ಹಾಕಲಿ. ನಿಮ್ಮನ್ನ ಬಲವಂತ ಮಾಡಲ್ಲ. ನನ್ನದು ನಾನು ಕೊಡ್ತೀನಿ."

ಅತ್ತೆ ಹೆಬ್ಬೆಟ್ಟು ಎತ್ತಿ ತೋರಿಸಿದಳು. "ನಂದೂ ಅದರಲ್ಲೇ ಬರಿಯೇ. ಬಾಂಡ್ಲಿ ಹೊತ್ತೆ, ಬೈದೆ. ಎರಡೂ ಬರಿ."

ಯಾರೋ ಕಿಸಕ್ಕನೆ ನಕ್ಕರು. ಅಷ್ಟೇ ಸಾಕಾಯಿತು. ಇಸ್ತ್ರಿಯವಳು "ನಾನು ಕಂಬಿ ಕಟ್ಟಿದೆ" ಎಂದಳು. ಆಟೋದವನು "ಸಿಮೆಂಟ್ ಸಾಗಿಸಿದ್ದು ನನ್ನ ಗಾಡೀಲಿ, ಅದನ್ನೂ ಹಾಕಿ" ಎಂದ. ಮಗಳು ನೋಟ್‌ಪುಸ್ತಕ ತಂದು ಹಾಳೆ ಹರಿದು ಹರಿದು ಕೊಟ್ಟಳು. ಬರೆಯಲು ಬಾರದವರಿಗೆ, ಕಣ್ಣನ್ನು ಕಾಗದಕ್ಕೆ ತಾಗಿಸಿಕೊಂಡೇ ಬರೆದುಕೊಟ್ಟಳು. ಮಧ್ಯಾಹ್ನದ ಹೊತ್ತಿಗೆ ಮನೆಗೊಂದರಂತೆ ನಲವತ್ತು ತಪ್ಪೊಪ್ಪಿಗೆ ಸಿದ್ಧವಾದವು. ಗಾಡಿಯವನದು ಕೊನೆಯದು. ಗಾರೆಮಾವ ಆ ಹೊತ್ತಿಗೆ ಎದ್ದು ಮನೆಗೆ ಹೋಗಿದ್ದ. ಅವನ ಹಿಂದೆ ಯಾರೂ ಕೂಗಲಿಲ್ಲ. ಹನ್ನೆರಡು ವರ್ಷದ ಅನ್ನ ಅದು.

ಸೋಮವಾರ ಮೂರು ಗಂಟೆಗೇ ಟಪಾಲು ಕಿಟಕಿಯ ಮುಂದೆ ಸಾಲು ನಿಂತಿತು. ಗುಮಾಸ್ತ ಮೊದಲ ಕಾಗದ ಓದಿ, ಮೊಹರು ಎತ್ತಿದವನು ಹಾಗೇ ಇಳಿಸಿದ.

"ಏನಮ್ಮ ಇದು? ಜನ ನಾವು ತಪ್ಪು ಮಾಡಿಲ್ಲ ಅಂತ ಬರೀತಾರೆ. ನೀವು ಮಾಡಿದೀವಿ ಅಂತ ಬರೆದಿದೀರಿ?"

"ಮಾಡಿದೀವಲ್ಲ ಸ್ವಾಮಿ. ತಗೊಂಡು ಮೊಹರು ಹಾಕಿಕೊಡಿ."

"ಒಂದು ನಿಮಿಷ," ಎಂದು ಎದ್ದು ಒಳಗೆ ಹೋದ. ಇಪ್ಪತ್ತು ನಿಮಿಷವಾದ ಮೇಲೆ ಬಂದು, "ಸಾಹೇಬರು ಮೀಟಿಂಗಲ್ಲಿದಾರೆ, ಕಾಯಿರಿ" ಎಂದ. ನಾಲ್ಕು ಗಂಟೆಗೆ, "ಮೊಹರಿನ ಇಂಕು ಆಗೋಗಿದೆ" ಎಂದ. ಆಟೋದವನು ಓಡಿಹೋಗಿ ಅಂಗಡಿಯಿಂದ ಇಂಕಿನ ಬುಡ್ಡಿ ತಂದುಕೊಟ್ಟ. ಗುಮಾಸ್ತ ಅದನ್ನು ನೋಡಿದ, ಇವರನ್ನು ನೋಡಿದ, ಕಿಟಕಿ ಮುಚ್ಚಿದ.

"ತಪ್ಪು ಮಾಡಿದೀವಿ ಸ್ವಾಮಿ, ಬರ್ಕೊಳ್ಳಿ!" ಹೊಲಿಗೆಯಕ್ಕ ಕಿಟಕಿ ಬಡಿದಳು. ಹಿಂದಿನವರೂ ಬಡಿದರು. ಕಳ್ಳರನ್ನು ಹಿಡಿಯಲು ಬಾಗಿಲು ಬಡಿಯುವುದುಂಟು. ತಮ್ಮನ್ನೇ ಹಿಡಿಯಿರಿ ಎಂದು ಬಡಿದವರನ್ನು ಆ ಕಟ್ಟಡ ಕಂಡಿರಲಿಲ್ಲ.

ಐದಕ್ಕೆ ಹತ್ತು ನಿಮಿಷವಿದ್ದಾಗ ಗಾರೆಮಾವ ಬಂದ. ಕೆಲಸದ ಬಟ್ಟೆಯಲ್ಲೇ ಇದ್ದ, ಮೊಣಕಾಲ ತನಕ ಗಾರೆ. ಅವನ ಕೈಯಲ್ಲೂ ಒಂದು ಕಾಗದ.

"ಮಾವ, ಕೆಲಸ?"

"ಮಧ್ಯಾಹ್ನವೇ ಬಿಟ್ಟೆ. ಅವನು ಬಿಡಿಸೋ ಮೊದಲು ನಾನೇ ಬಿಟ್ಟರೆ ಮರ್ಯಾದೆ ಅಲ್ವಾ?" ಎಂದು ಸಾಲಿನ ಕೊನೆಗೆ ಹೋಗಿ ನಿಂತ. ನಲವತ್ತೊಂದಾಯಿತು.

ಸರಿಯಾಗಿ ಐದು ಗಂಟೆಗೆ ಪಕ್ಕದ ಬಾಗಿಲಿನಿಂದ ಗುಮಾಸ್ತ ಹೊರಬಂದು, ತಲೆ ತಗ್ಗಿಸಿಕೊಂಡೇ ಸಾಲನ್ನು ದಾಟಿ, ಸೂಚನಾ ಫಲಕಕ್ಕೆ ಒಂದು ಹಾಳೆ ಅಂಟಿಸಿದ. ಅಂಟಿನ್ನೂ ಹಸಿಯಾಗಿತ್ತು.

"ಏನು ಬರೆದಿದೆಯೇ?" ಎಂದಳು ಅತ್ತೆ.

ಹೊಲಿಗೆಯಕ್ಕ ಓದಿದಳು. "ಆಯವ್ಯಯ ಮತ್ತು ಪರಿಷ್ಕೃತ ಕಂದಾಯದ ಬಗ್ಗೆ ನಿಗದಿತ ವೇಳೆಯೊಳಗೆ ಯಾರೂ ಹಾಜರಾಗಿಲ್ಲ. ಯಾವ ಆಕ್ಷೇಪಣೆಯೂ ಬಂದಿಲ್ಲ. ಆದ್ದರಿಂದ ಅಂಗೀಕರಿಸಲಾಗಿದೆ."

ಅತ್ತೆ ತಿರುಗಿ ಸಾಲನ್ನು ಮೊದಲಿಂದ ಕೊನೆಯವರೆಗೆ ನೋಡಿದಳು. "ಹಂಗಾದ್ರೆ ಇಷ್ಟೊತ್ತು ಇಲ್ಲಿ ನಿಂತಿರೋರು ಯಾರು?"

ಹೊಲಿಗೆಯಕ್ಕ ನಡೆದುಹೋಗಿ ಕಚೇರಿಯ ಹೆಬ್ಬಾಗಿಲ ಮೆಟ್ಟಿಲ ಮೇಲೆ ಕೂತಳು. ಕಾಗದವನ್ನು ಮಡಿಲಲ್ಲಿ ಇಟ್ಟುಕೊಂಡಳು. ಅತ್ತೆ ಪಕ್ಕದಲ್ಲಿ ಕೂತಳು. ಗಾರೆಮಾವ, ಇಸ್ತ್ರಿಯವಳು, ಆಟೋದವನು, ಗಾಡಿಯವನು, ಒಬ್ಬೊಬ್ಬರಾಗಿ ಎಲ್ಲರೂ ಕೂತರು. ಮೆಟ್ಟಿಲುಗಳು ತುಂಬಿದವು. ಕಾಲಿಡಲು ಜಾಗ ಉಳಿಯಲಿಲ್ಲ.

ಸ್ವಲ್ಪ ಹೊತ್ತಿಗೆ ಕಂದಾಯದ ಸಾಹೇಬರು ಚೀಲ ಹಿಡಿದು ಹೊರಬಂದರು. ಹಿಂದೆ ನಗುಮುಖ. ಅವತ್ತು ಅವನ ಮುಖದಲ್ಲಿ ನಗು ಇರಲಿಲ್ಲ.

"ಏನಮ್ಮ ಇದು? ಎದ್ದೇಳಿ, ದಾರಿ ಬಿಡಿ. ಎಲ್ಲಾ ಪಕ್ಕಕ್ಕೆ ಸರೀರಿ."

ಹೊಲಿಗೆಯಕ್ಕ ಕೂತಲ್ಲಿಂದಲೇ ಫಲಕದತ್ತ ಕೈ ತೋರಿಸಿದಳು.

"ನಾವು ಬಂದೇ ಇಲ್ಲ ಅಂತ ನೀವೇ ಬರೆದು ಅಂಟಿಸಿದೀರಲ್ಲ ಸಾರ್. ಬರದೇ ಇರೋರು ಹೆಂಗೆ ಪಕ್ಕಕ್ಕೆ ಸರಿಯೋದು?"