ಲೆಕ್ಕದ ಬೀಜ

"ಸೆರಗು ಬಿಚ್ಚಿ ಝಾಡಿಸೇ. ನನ್ ಮಖ ಏನ್ ನೋಡ್ತೀಯಾ, ನಾನೇನು ದೇವ್ರಾ?"

ಸಾವುಕಾರನ ಹೆಂಡತಿ ಶಾರದಮ್ಮ ಗೋದಾಮಿನ ಬಾಗಿಲಿಗೆ ಅಡ್ಡವಾಗಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದಳು. ಸಂಜೆಯಾದರೆ ಇದೇ ಪೂಜೆ. ಬೆಳಗಿನಿಂದ ಹುಣಸೆ ಬಡಿದ ಹೆಂಗಸರು ಸಾಲಾಗಿ ಬಂದು ಸೆರಗು ಬಿಚ್ಚಬೇಕು, ನೆರಿಗೆ ಕೊಡವಬೇಕು, ತುರುಬು ಬಿಚ್ಚಿ ತೋರಿಸಬೇಕು. ಆಮೇಲೆ ಕೈ ಮುಗಿದು "ಬರ್ತೀನ್ರಮ್ಮೋರೆ" ಅನ್ನಬೇಕು. ಆಗ ಕುರ್ಚಿ ಒಂದಿಷ್ಟು ಸರಿಯುತ್ತದೆ.

ಹಿಂದೆ ಹೀಗಿರಲಿಲ್ಲ. ಆ ಹೆಂಗಸರಲ್ಲೊಬ್ಬಳಾದ ಬೋರಕ್ಕನ ಅವ್ವನ ಕಾಲದಲ್ಲಿ ಹಣ್ಣು ಬಡಿದವರು ಬೀಜವನ್ನು ಮಡಿಲು ತುಂಬ ಕಟ್ಟಿಕೊಂಡು ಹೋಗುತ್ತಿದ್ದರು, ಸಾವುಕಾರರು ತಿರುಗಿಯೂ ನೋಡುತ್ತಿರಲಿಲ್ಲ. ಹುರಿದು ನೆನೆಹಾಕಿದರೆ ಮಕ್ಕಳ ಬಾಯಿಗೆ ಒಂದು ಹೊತ್ತಿನ ಕೆಲಸ. ಈಗ ಬೀಜವನ್ನೂ ಪುಡಿ ಮಾಡುವ ಕಾರ್ಖಾನೆಗಳು ಬಂದಿವೆ. ಆಂಧ್ರದ ಕಡೆಯಿಂದ ಗಂಗರಾಜುವಿನಂಥ ವ್ಯಾಪಾರಿಗಳು ರಾಂಪುರದ ದಾರಿ ಹಿಡಿದು ಲಾರಿ ತರುತ್ತಾರೆ. ಬೆಲೆ ಬಂದ ದಿನವೇ ಬೀಜವೂ ಸಾವುಕಾರ ಹೊನ್ನೂರಸ್ವಾಮಿಯದಾಯಿತು. ಬಡಿಯುವವರಿಗೆ ಉಳಿದದ್ದು ಉಗುರು ಸಂದಿಯ ಹುಳಿ, ಅದರ ಉರಿ.

ಬೋರಕ್ಕನಿಗೆ ಬೇಕಿದ್ದದ್ದು ಒಂದು ಹಿಡಿ ಬೀಜ. ಊರ ಶಾಲೆಗೆ ಗಣಿತದ ಸಾಮಾನು ಬಂದಿರಲಿಲ್ಲ, ಗಣಿತ ಮೇಳ ಮಾಡಿರೆಂಬ ಸುತ್ತೋಲೆ ಮಾತ್ರ ಬಂದಿತ್ತು. ರವಿಕಿರಣ್ ಮೇಷ್ಟ್ರು ಆ ಭಾರವನ್ನು ಮಕ್ಕಳ ತಲೆಗೆ ಕಟ್ಟಿದ್ದರು. ಬಾಟ್ಲಿ ಮುಚ್ಚಳ ತನ್ನಿ, ಪೊರಕೆ ಕಡ್ಡಿ ತನ್ನಿ, ಹುಣಸೆ ಬೀಜ ತನ್ನಿ, ಎಣಿಸೋದು ಕಲಿಸ್ತೀನಿ. ತರದವರು ಹೊರಗೆ. ಬೋರಕ್ಕನ ಮಗಳು ಸ್ವಪ್ನ, ಮೂರನೇ ಕ್ಲಾಸು, ವಾರದಿಂದ ಕೊಠಡಿಯ ಹೊರಗೆ ಬಿಸಿಲಲ್ಲಿ ನಿಂತು ಕಿಟಕಿಯಿಂದ ಲೆಕ್ಕ ಕೇಳುತ್ತಿದ್ದಳು. ತೋಪಿನ ಮರಗಳೆಲ್ಲ ಹೊನ್ನೂರಸ್ವಾಮಿಯ ಗುತ್ತಿಗೆ, ಕೆಳಗೆ ಉದುರಿದ ಹಣ್ಣು ಮುಟ್ಟಿದರೂ ಕಾವಲಿನವನು ಕೋಲೆತ್ತುತ್ತಾನೆ. ಅವ್ವ ದಿನವಿಡೀ ಬೀಜದ ರಾಶಿಯ ಪಕ್ಕ ಕೂತಿರುತ್ತಾಳೆ, ಮಗಳು ಬೀಜ ಇಲ್ಲದೆ ಹೊರಗೆ ನಿಂತಿರುತ್ತಾಳೆ. ಇದಕ್ಕೆ ನಗಬೇಕೋ ಅಳಬೇಕೋ ಬೋರಕ್ಕನಿಗೆ ತಿಳಿಯಲಿಲ್ಲ.

ಆ ಸಂಜೆ ಅವಳು ಎಲ್ಲ ಯೋಚನೆ ಮಾಡಿಕೊಂಡೇ ಬಂದಿದ್ದಳು. ಮಡಿಲಲ್ಲಿಟ್ಟರೆ ಸಿಕ್ಕಿಬೀಳುತ್ತೀನಿ, ತುರುಬಲ್ಲಿಟ್ಟರೂ ಅಷ್ಟೇ. ಎಲೆಅಡಿಕೆ ಹಾಕುವ ದವಡೆಯೊಂದು ಇದೆಯಲ್ಲ. ಅಲ್ಲಿ ಹಿಡಿಯುವಷ್ಟು ಬೀಜ ತುಂಬಿಕೊಂಡು ಸಾಲಿನಲ್ಲಿ ನಿಂತಳು. ಸೆರಗು ಝಾಡಿಸಿದಳು, ನೆರಿಗೆ ಕೊಡವಿದಳು, ತುರುಬು ಬಿಚ್ಚಿದಳು. ಕೈಯನ್ನೂ ಮುಗಿದಳು. ಕೈ ಮುಗಿದ ಮೇಲೆ ಒಂದು ಮಾತು ಆಡಬೇಕಿತ್ತು ಎನ್ನುವುದು ಮಾತ್ರ ಅವಳಿಗೆ ಆಗಲೇ ನೆನಪಾಯಿತು.

ಶಾರದಮ್ಮ ಕುರ್ಚಿ ಸರಿಸಲಿಲ್ಲ.

"ಏನೇ, ಬಾಯಿ ಬಿದ್ದೋಗೈತಾ? ಬರ್ತೀನಿ ಅನ್ನಾಕೂ ಸೊಕ್ಕಾ?"

ಬೋರಕ್ಕ "ಹ್ಞೂಂ" ಅಂದಳು.

"ಹ್ಞೂಂ ಅಂದ್ರೆ ಏನೇ ಮುಂಡೆ? ಬಾಯಿ ತೆಗಿ. ರೀ, ಬರ್ರಿ ಇಲ್ಲಿ."

ಹೊನ್ನೂರಸ್ವಾಮಿ ಒಳಗಿಂದ ಬಂದ. ಬೆನ್ನಿಗೇ ಗಂಗರಾಜು ಟೀ ಲೋಟ ಹಿಡಿದು ಬಂದ. ತೂಕದ ಮಾತು ಮುಗಿದಿತ್ತು, ಇಬ್ಬರಿಗೂ ಹೊತ್ತು ಹೋಗಬೇಕಿತ್ತು.

"ಏಂದಮ್ಮಾ, ನೋಟ್ಲೋ ಏಂ ಪೆಟ್ಟುಕುನ್ನಾವ್?" ಬಾಯಲ್ಲಿ ಏನಿಟ್ಟುಕೊಂಡಿದ್ದೀ ಎಂದು ಗಂಗರಾಜು ತನ್ನ ತೆಲುಗಿನಲ್ಲಿ ಕೇಳಿ ಅವಳ ಉಬ್ಬಿದ ಕೆನ್ನೆಗೆ ಬೆರಳು ತೋರಿಸಿದ.

ಬೋರಕ್ಕ ಬೀಜಗಳನ್ನು ಅಂಗೈಗೆ ಉಗಿದಳು. ಎಂಜಲಿನಲ್ಲಿ ಅವು ಮಿರಿಮಿರಿ ಮಿಂಚಿದವು.

"ತಪ್ಪಾತು ಸಾವ್ಕಾರ್ರೆ. ಮಗೀಗೆ. ಇಸ್ಕೂಲಾಗೆ ಲೆಕ್ಕ ಕಲ್ಸಾಕೆ ಬೀಜ ಬೇಕಂತೆ. ತರ್ದಿದ್ರೆ ಹೊರಗೆ ನಿಲ್ಲಿಸ್ತಾರೆ."

"ಆ ಇಸ್ಕೂಲಿನ ಅಧ್ಯಕ್ಷ ಯಾರೇ?"

"ನೀವೇ ಸಾವ್ಕಾರ್ರೆ."

"ನನ್ ಬೀಜ ಕದ್ದು ನನ್ ಇಸ್ಕೂಲಿಗೆ ಕೊಡ್ತೀಯಾ. ಭಾಳ ಸ್ಯಾಣೆ ಆದೆ ಕಣೇ ಬೋಸುಡಿ."

"ರಾಶಿಗೇ ವಾಪಸ್ ಹಾಕ್ತೀನ್ರಿ."

ಹೊನ್ನೂರಸ್ವಾಮಿಗೆ ನಿಜಕ್ಕೂ ಸಿಟ್ಟು ಬಂದದ್ದು ಆಗ. "ನಿನ್ ಎಂಜ್ಲು ನನ್ ರಾಶಿಗೆ ಹಾಕ್ತೀಯಾ? ಕಾಲೊನಿಯೋಳ ಎಂಜ್ಲು? ನುಂಗು."

ಅವಳಿಗೆ ಅರ್ಥವಾಗಲಿಲ್ಲ.

"ನುಂಗೇ. ಬಾಯಾಗೆ ಇಟ್ಕಂಡೆ ಅಲ್ವಾ, ಹೊಟ್ಟೆಗೂ ಇಟ್ಕ. ಇಲ್ಲಾಂದ್ರೆ ನಾಳೆಯಿಂದ ನಿಮ್ ಕಾಲೊನಿಯೋರು ಒಬ್ರೂ ಈ ಕಡೆ ಸುಳಿಬೇಡ್ರಿ."

ಸಾಲಿನಲ್ಲಿದ್ದವರು ನೆಲ ನೋಡಿದರು. ಬೋರಕ್ಕನ ಪಕ್ಕದ ಮನೆಯ ಕೊಲ್ಲಾಪುರಮ್ಮ, ಬೆಳಗಿನಿಂದ ಅವಳ ಎದುರಿಗೇ ಕೂತು ಹುಣಸೆ ಬಡಿದವಳು, ಹಿಂದಿನಿಂದ ಮೆಲ್ಲಗೆ ಹೇಳಿದಳು: "ನುಂಗಿಬಿಡೇ ಬೋರಿ. ಎಲ್ರೂ ಒಲೆ ಹಚ್ಬೇಕು."

ಬೋರಕ್ಕ ನುಂಗಿದಳು. "ಒಕಟಿ," ಎಂದು ಎಣಿಸಿದ ಗಂಗರಾಜು. ಇನ್ನೊಂದು ನುಂಗಿದಳು. "ರೆಂಡು." ಮೂರನೆಯದು ಗಂಟಲಲ್ಲಿ ನಿಂತಿತು. ಶಾರದಮ್ಮ ಚೊಂಬು ತಂದು, ತಗುಲದ ಹಾಗೆ ಮೇಲಿನಿಂದ ಅವಳ ಇನ್ನೊಂದು ಕೈಗೆ ನೀರು ಹೊಯ್ದಳು. ಅದೊಂದು ದಯೆ. ಅಂಗೈ ಖಾಲಿಯಾಗುವ ತನಕ ಗಂಗರಾಜು ಎಣಿಸುತ್ತಲೇ ಇದ್ದ. ಅವಳ ಕಣ್ಣಲ್ಲಿ ನೀರು ಇಳಿಯುತ್ತಿದ್ದದ್ದು ಗಂಟಲಿನ ನೋವಿಗೋ ಬೇರೆಯದಕ್ಕೋ, ಯಾರೂ ಕೇಳಲಿಲ್ಲ.

"ನಾಳೆ ನಾಡಿದ್ದು ಜಾಲಿ ಮರೆಗೆ ಹೋದಾಗ ಹೊರಗೆ ಬರ್ತವೆ ಬಿಡು," ಅಂದ ಹೊನ್ನೂರಸ್ವಾಮಿ. "ಆರಿಸ್ಕಂಡು ಮೇಷ್ಟ್ರಿಗೆ ಕೊಟ್ಕಳ್ಸು. ಲೆಕ್ಕ ಕಲೀಲಿ ನಿನ್ ಮಗಳು."

ಗಂಗರಾಜು ಟೀ ಚೆಲ್ಲುವಷ್ಟು ನಕ್ಕ. ಸಾಲಿನಲ್ಲೂ ಒಬ್ಬಿಬ್ಬರು ನಕ್ಕರು, ನಗದಿದ್ದರೆ ಏನಾಗುತ್ತದೋ ಎಂದು.

ಅಂಥ ಮಾತಿಗೆ ಕಾಲು ಬೇಗ ಬರುತ್ತದೆ. ಮಾರನೆಯ ದಿನ ಸ್ವಪ್ನ ಮಧ್ಯಾಹ್ನದ ಊಟವನ್ನೂ ಬಿಟ್ಟು ಮನೆಗೆ ಬಂದಳು. ಮೂಗು ಬಾಯಿ ಒಂದಾಗುವಷ್ಟು ಅತ್ತಿದ್ದಳು. ಬ್ಯಾಗನ್ನು ಬಿದಿರು ತಡಿಕೆಯ ಹಿಂದೆ ಎಸೆದಳು.

"ನಾನಿನ್ನು ಇಸ್ಕೂಲಿಗೆ ಹೋಗಲ್ಲ ಕಣವ್ವ."

"ಯಾಕೆ?"

"ನಿಮ್ಮವ್ವ ಹೇ… ಬೀಜ ಕೊಟ್ಕಳಿಸ್ತಾಳಂತೆ, ಯಾವಾಗ್ಲೇ ತರ್ತೀಯಾ ಅಂತ ಎಲ್ರೂ ಮೂಗು ಮುಚ್ಕಂತಾರೆ."

"ಮೇಷ್ಟ್ರು ಸುಮ್ನಿದ್ರಾ?"

"ಅವ್ರೂ ನಕ್ಕ್ರು. ನಿನ್ ಜೊತೀಲಿ ಹುಣಸೆ ಬಡಿಯಾಕೆ ಬರ್ತೀನಿ ಬಿಡವ್ವ. ನಂಗೂ ಕೂಲಿ ಕೊಡ್ತಾರೆ."

ಬೀಜ ನುಂಗಿದಾಗ ಬೋರಕ್ಕನಿಗೆ ಇಷ್ಟು ಉರಿದಿರಲಿಲ್ಲ. ಮಗಳ ಕೈ ಹಿಡಿದು ನೋಡಿದಳು. ಪೆನ್ಸಿಲ್ಲಿನ ಕಪ್ಪು ಹತ್ತಿದ ಬೆರಳು. ಆ ಬೆರಳುಗಳೂ ತನ್ನ ಬೆರಳಿನ ಹಾಗೆ ಸೀಳಿ ಕೂರುತ್ತವೆ ಎಂದುಕೊಂಡಳು. ತಡಿಕೆಯ ಹಿಂದೆ ಬಿದ್ದಿದ್ದ ಬ್ಯಾಗನ್ನು ಎತ್ತಿ ತಂದು ಗೂಟಕ್ಕೆ ತೂಗುಹಾಕಿದಳು.

ಬೆಳಕು ಹರಿಯುವ ಮುಂಚೆ ಊರ ಹೊರಗಿನ ಜಾಲಿ ಮರೆಗೆ ಹೋದಳು. ಒಡೆದ ಮಡಕೆ ಚೂರೊಂದು, ಒಂದು ಕಡ್ಡಿ, ಒಂದು ತಂಬಿಗೆ ನೀರು. ಅದು ಎಂಥ ಕೆಲಸವೆಂದು ಹೇಳುವುದು ಬೇಡ. ಬೇರೆಯವರ ಮನೆಯ ಹೊಲಸನ್ನು ತಲೆತಲಾಂತರದಿಂದ ಬಾಚಿದ ಮನೆತನದವಳಿಗೆ ತನ್ನದು ಬಾಚುವುದು ಕಷ್ಟವಾಗಲಿಲ್ಲ. ತೊಳೆದು ಕಲ್ಲಿನ ಮೇಲೆ ಹರಡಿದಳು. ಬಿಸಿಲು ಬಿದ್ದ ಮೇಲೆ ಅವು ಬೇರೆಲ್ಲ ಬೀಜಗಳ ಹಾಗೇ ಇದ್ದವು. ಬಟ್ಟೆ ಚೂರಿನಲ್ಲಿ ಗಂಟು ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಮೇಳದ ದಿನ ಗೋದಾಮಿನಿಂದ ಶಾಲೆಗೆ ಬೀಜದ ಚೀಲ ಹೊರುವ ಕೆಲಸ ಅವಳಿಗೇ ಬಂತು. ಹೊನ್ನೂರಸ್ವಾಮಿ ಶಾಲೆಗೆ ಒಂದು ಮೂಟೆ ಬೀಜ ದಾನ ಮಾಡುವವನಿದ್ದ. ಮೂಟೆಯ ಮೇಲೆ ಅವನ ಹೆಸರು ಕೆಂಪು ಬಣ್ಣದಲ್ಲಿ ಬರೆಸಲಾಗಿತ್ತು. "ಬಾರೇ ಬೀಜ ನುಂಗೋಳೆ, ಎತ್ತು," ಎಂದು ಅವನೇ ಕರೆದು ಅವಳ ತಲೆಗೆ ಹೊರೆಸಿದ.

ಶಾಲೆಯ ಅಂಗಳದಲ್ಲಿ ಶಾಮಿಯಾನ. ಬೆಂಚಿನ ಮೇಲೆ ಕಡ್ಡಿಯ ಕಟ್ಟುಗಳು, ಬಾಟ್ಲಿ ಮುಚ್ಚಳಗಳು, ರಟ್ಟಿನ ಗಡಿಯಾರ. ಸ್ವಪ್ನ ಗೇಟಿನ ಹೊರಗೆ ನಿಂತಿದ್ದಳು. ಬೋರಕ್ಕನೇ ಬೆಳಿಗ್ಗೆ ತಲೆ ಬಾಚಿ, ಬಾ ಎಂದು ಗದರಿ ಕರೆತಂದಿದ್ದಳು.

"ನಡುವೆ ಸುರಿ, ಗುಡ್ಡ ಮಾಡು. ಫೋಟೋಗೆ ಚೆನ್ನಾಗಿ ಕಾಣ್ಬೇಕು," ಎಂದು ಮೇಷ್ಟ್ರು ಚಾಪೆ ತೋರಿಸಿ, ಶಿಕ್ಷಣ ಇಲಾಖೆಯ ಸಾಹೇಬರನ್ನು ಎದುರುಗೊಳ್ಳಲು ಓಡಿದರು. ಬೋರಕ್ಕ ಸುರಿದಳು. ಮೊಣಕಾಲೂರಿ ಕೂತು ಸೊಂಟದ ಗಂಟು ಬಿಚ್ಚಿ ರಾಶಿಯ ಮೇಲೆ ಕೊಡವಿದಳು. ಎರಡೂ ಕೈಯಲ್ಲಿ ಮೇಲಿನದನ್ನು ಕೆಳಗೆ, ಕೆಳಗಿನದನ್ನು ಮೇಲೆ ಮಾಡಿ ಚೆಂದ ಗುಡ್ಡ ಮಾಡಿದಳು. ಬೀಜ ಬೀಜದೊಳಗೆ ಸೇರಿಕೊಂಡಿತು.

ತಾಲ್ಲೂಕಿನಿಂದ ಬಂದ ಸಾಹೇಬರಿಗೆ ಹಾರ ಬಿತ್ತು. ಉದ್ಘಾಟನೆ ಹೇಗೆಂದರೆ, ಅತಿಥಿಗಳು ರಾಶಿಗೆ ಕೈ ಹಾಕಿ ಹಿಡಿ ತುಂಬ ಬೀಜ ಎತ್ತಿ ಒಂದೊಂದಾಗಿ ಸ್ಟೀಲ್ ತಟ್ಟೆಗೆ ಹಾಕಬೇಕು, ಮಕ್ಕಳು ಗಟ್ಟಿಯಾಗಿ ಎಣಿಸಬೇಕು. ಮೇಷ್ಟ್ರು ಎಷ್ಟೋ ದಿನದಿಂದ ಇದನ್ನೇ ಅಭ್ಯಾಸ ಮಾಡಿಸಿದ್ದರು. ಬೀಜ ಬಿದ್ದ ಸದ್ದು ಕೇಳಿದರೆ ಸಾಕು, ಸಂಖ್ಯೆ ತಾನಾಗಿ ಬಾಯಿಗೆ ಬರಬೇಕು.

ಹೊನ್ನೂರಸ್ವಾಮಿ ಬಿಳಿ ಅಂಗಿಯ ತೋಳು ಮಡಚಿ ಮಣಿಕಟ್ಟಿನವರೆಗೆ ಕೈ ಇಳಿಸಿದ. ಸಾಹೇಬರೂ ಇಳಿಸಿದರು. ಇಬ್ಬರೂ ಹಿಡಿ ತುಂಬಿಕೊಂಡು ಫೋಟೋದವನ ಕಡೆ ನೋಡಿ ಹಲ್ಲು ಬಿಟ್ಟರು.

"ಸಾವ್ಕಾರ್ರೆ," ಅಂದಳು ಬೋರಕ್ಕ. ಚಾಪೆಯ ಅಂಚಿನಲ್ಲೇ ನಿಂತಿದ್ದಳು. ದನಿ ಏರಿಸಲಿಲ್ಲ. "ನುಂಗ್ಸಿದ್ರಲ್ಲ, ಅವು ಹೊರಗೆ ಬಂದ್ವು. ಆರಿಸ್ಕಂಡು ಮೇಷ್ಟ್ರಿಗೆ ಕೊಡು ಅಂದಿದ್ರಿ. ತಂದೀನಿ. ಆ ರಾಶಿಯಾಗೆ ಅವೆ."

ಸಾಹೇಬರು ಹಲ್ಲು ಬಿಟ್ಟುಕೊಂಡೇ ಕೇಳಿದರು. "ಏನಂತೆ ಇವಳದು?"

"ನನ್ನ ಹೇಲಾಗೆ ಬಂದ ಬೀಜ ಸಾರ್. ತೊಳ್ದೀನಿ. ನಿಮ್ ಕೈಯಾಗಿರೋವು ಅವೋ ಬೇರೆವೋ ನಂಗೂ ಗೊತ್ತಾಗಲ್ಲ. ಎಣಿಸ್ಕಂಡು ನೋಡ್ರಿ."

ಫೋಟೋದವನು ಕ್ಯಾಮೆರಾ ಕೆಳಗಿಳಿಸಿದ. ಬೋರಕ್ಕ ಗೇಟಿನ ಕಡೆ ತಿರುಗಿ ಮಗಳನ್ನು ಕರೆದಳು. "ಬಾ, ಮುಂದೆ ಕುಂತ್ಕ. ಆ ರಾಶಿ ಮಾತ್ರ ಮುಟ್ಬೇಡ." ಸ್ವಪ್ನ ಬಂದು ಮುಂದಿನ ಸಾಲಿನಲ್ಲಿ ಜಾಗ ಮಾಡಿಕೊಂಡು ಕೂತಳು.

ಹೊನ್ನೂರಸ್ವಾಮಿಯ ಕಣ್ಣು ಕೆಂಪಾಗಿತ್ತು. ಹೊಡೆಯಬೇಕೆಂದರೆ ಕೈ ಮುಷ್ಟಿ ಕಟ್ಟಿತ್ತು, ಮುಷ್ಟಿಯ ತುಂಬ ಬೀಜ. ಒರೆಸಿಕೊಳ್ಳಬೇಕೆಂದರೆ ಮೈಮೇಲೆ ಬಿಳಿ ಅಂಗಿ. ಬೆರಳು ಸಡಿಲವಾಗಿ ಬೀಜವೊಂದು ಜಾರಿ ತಟ್ಟೆಗೆ ಬಿತ್ತು.

"ಒಂದು," ಅಂದರು ಮಕ್ಕಳು ಒಟ್ಟಾಗಿ, ಕಲಿಸಿದ ಹಾಗೆ.

ಇನ್ನೊಂದು ಬಿತ್ತು.

"ಎರಡು."